ಸರ್ಕಾರ ಬದಲಾಯಿತು, ಯೂನಿಯನ್ ಯಾಕೆ ಬದಲಾಗಬೇಕು?

ಯೂನಿಯನ್ನಿನ ಅಧ್ಯಕ್ಷರಿಗೆ, ಪ್ರಧಾನ ಕಾರ್ಯದರ್ಶಿಗಳಿಗೆ, ಕಾರ್ಯಕಾರಿ ಸಮಿತಿಯ ಎಲ್ಲರಿಗೂ, ಮತ್ತೆ ಪ್ರತಿ ತಿಂಗಳು ಚಂದಾ ಕೊಟ್ಟು ರಸೀದಿಯನ್ನು ಜೇಬಿಗೆ ತುರುಕಿಕೊಂಡು ಹೋಗುವ ನನ್ನಂಥವರಿಗೂ,

ನಮಸ್ಕಾರ.

ಚುನಾವಣೆ ಫಲಿತಾಂಶ ಬಂದ ಮೂರನೇ ದಿನ ಯೂನಿಯನ್ ಆಫೀಸಿಗೆ ಬಂದಿದ್ದೆ. ಗೋಡೆ ಮೇಲಿದ್ದ ಒಂದು ಫೋಟೋ ಕಾಣಲಿಲ್ಲ. ವರ್ಷಗಟ್ಟಲೆ ಅಲ್ಲೇ ನೇತಾಡುತ್ತಿದ್ದರಿಂದ ಅದರ ಹಿಂದಿನ ಸುಣ್ಣ ಮಾತ್ರ ಬೆಳ್ಳಗೆ ಉಳಿದಿತ್ತು, ಸುತ್ತ ಎಲ್ಲ ಹೊಗೆ ಬಣ್ಣ. ಯಾರು ತೆಗೆದರು ಅಂತ ಕೇಳಿದೆ. ಉತ್ತರ ಬರಲಿಲ್ಲ. ಹೊರಡುವಾಗ ಒಬ್ಬರು ಮೆಲ್ಲಗೆ, ಹೊಸ ಫೋಟೋಗೆ ಹೇಳಿ ಆಗಿದೆ, ಫ್ರೇಮ್ ಹಾಕಿಸುವುದು ಬಾಕಿ ಅಂದರು. ಹೊಸಬರ ಪ್ರಮಾಣವಚನ ಕೂಡ ಇನ್ನೂ ಆಗಿರಲಿಲ್ಲ!

ಆಮೇಲೆ ಸಮಿತಿ ಸಭೆಯಲ್ಲಿ ನಡೆದ ಮಾತು ಕಿವಿಗೆ ಬಿತ್ತು. ಹೊಸ ಆಡಳಿತ ಪಕ್ಷದ ಕಾರ್ಮಿಕ ವಿಭಾಗಕ್ಕೆ ಸೇರಿಬಿಡೋಣ ಅಂತ ಕೆಲವರು ಅಂದರಂತೆ. ಬೇಡಿಕೆ ಪಟ್ಟಿಯನ್ನು ಆರು ತಿಂಗಳು ಮುಂದೆ ಹಾಕೋಣ, ಹೊಸ ಸರ್ಕಾರಕ್ಕೆ ಉಸಿರಾಡಲು ಬಿಡೋಣ ಅಂತ ಇನ್ನು ಕೆಲವರು. ಮತ್ತೊಂದು ಗುಂಪಿನದು, ಈ ಸಿದ್ಧಾಂತ ಗಿದ್ಧಾಂತ ಎಲ್ಲ ಸಾಕು, ಇನ್ನು ಮೇಲೆ ಸಂಬಳ ಬೋನಸ್ ಅಷ್ಟೇ ನೋಡಿಕೊಳ್ಳೋಣ ಅನ್ನುವ ವಾದ. ಈ ಮೂರಕ್ಕೂ ನನ್ನ ತಕರಾರಿದೆ. ಗೇಟ್ ಮೀಟಿಂಗಿನಲ್ಲಿ ನನ್ನ ಕೈಗೆ ಮೈಕ್ ಬರುವುದಿಲ್ಲ ಅಂತ ಗೊತ್ತು, ಅದಕ್ಕೇ ಹೀಗೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ರಾಜಕೀಯ ಅಂದರೆ ಮೂಗು ಮುರಿಯುವವನಲ್ಲ. 22 ವರ್ಷದಿಂದ ಸದಸ್ಯ, ಅದರಲ್ಲಿ 14 ವರ್ಷ ರಸೀದಿ ಪುಸ್ತಕ ಹಿಡಿದು ಚಂದಾ ಎತ್ತಿದವನು. ನನಗೂ ಒಂದು ಪಕ್ಷ ಅಂತ ಇದೆ. ಅದಕ್ಕೆ ಓಟು ಹಾಕುತ್ತೇನೆ, ಅದರ ಬಾವುಟ ಹಿಡಿದು ಬಿಸಿಲಲ್ಲಿ ನಡೆದಿದ್ದೇನೆ. ಅದು ನನ್ನ ಸ್ವಂತ ವಿಷಯ. ಆದರೆ ಚಂದಾ ಎತ್ತುವಾಗ ಒಬ್ಬರನ್ನೂ ನಿಮ್ಮ ಓಟು ಯಾರಿಗೆ ಅಂತ ಕೇಳಿಲ್ಲ. ಆ ಪಕ್ಷದವನೂ ಕೊಟ್ಟ, ಈ ಪಕ್ಷದವಳೂ ಕೊಟ್ಟಳು, ಎಲ್ಲರೂ ಕಳ್ಳರೇ ಅನ್ನುವವರೂ ಬೈದುಕೊಂಡೇ ಕೊಟ್ಟರು. ಕೊಟ್ಟಿದ್ದು ಯೂನಿಯನ್ನಿಗೆ.

ಹಿಂದೊಮ್ಮೆ ನಾವು ಬೆಂಬಲಿಸಿದ ಪಕ್ಷವೇ ಗೆದ್ದಿತ್ತು, ನೆನಪಿದೆಯಾ? ಆ ರಾತ್ರಿ ಗೇಟಿನ ಮುಂದೆ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಅದರ ಮುಂದಿನ ವರ್ಷ ಗುತ್ತಿಗೆ ಕಾರ್ಮಿಕರನ್ನು ಒಂದು ಪಾಳಿಯಷ್ಟು ಒಟ್ಟಿಗೇ ತೆಗೆದುಹಾಕಿದರು. ಮುಷ್ಕರದ ನೋಟಿಸ್ ಟೈಪ್ ಆಗಿತ್ತು, ಸಹಿಯೂ ಬಿದ್ದಿತ್ತು. ಆದರೆ ಅದು ಆಫೀಸಿನ ಡ್ರಾಯರಿನಿಂದ ಹೊರಗೇ ಬರಲಿಲ್ಲ. "ನಮ್ಮದೇ ಸರ್ಕಾರ, ಈಗ ಮುಜುಗರ ಮಾಡಬೇಡಿ" ಅಂತ ಮೇಲಿನಿಂದ ಫೋನ್ ಬಂದಿತ್ತು. ಅದಕ್ಕೂ ಹಿಂದಿನ ಸರ್ಕಾರ ಇದ್ದಾಗ ಇದರ ಕಾಲು ಭಾಗದಷ್ಟು ವಿಷಯಕ್ಕೂ ನಾವು ಧರಣಿ ಕೂತಿದ್ದೆವು. ಕೆಲಸ ಕಳೆದುಕೊಂಡವರಲ್ಲಿ ಒಬ್ಬ ನನ್ನ ಹತ್ತಿರ ಬಂದು, ಅಣ್ಣಾ, ಇವರು ಸೋತಿದ್ದರೇ ನಮ್ಮ ಕೆಲಸ ಉಳಿಯುತ್ತಿತ್ತೋ ಏನೋ ಅಂದ. ಏನು ಹೇಳಲಿ? ಅವತ್ತೂ ಬಾಯಿ ಕಟ್ಟಿತ್ತು, ಇವತ್ತೂ ಅದಕ್ಕೆ ಉತ್ತರ ಹೊಳೆದಿಲ್ಲ.

ಆಗದವರ ಸರ್ಕಾರ ಇದ್ದಾಗ ಎಲ್ಲ ಯೂನಿಯನ್ನೂ ಹುಲಿಯೇ. ನಮ್ಮವರು ಕುರ್ಚಿ ಹತ್ತಿದ ಮೇಲೆ ಎಷ್ಟು ಹಲ್ಲು ಉಳಿದಿದೆ ಅಂತ ಗೊತ್ತಾಗುವುದು.

ಪೋಲೆಂಡಿನ ಸಾಲಿಡಾರಿಟಿ ಅನ್ನುವ ಯೂನಿಯನ್ನಿನ ಕಥೆಯನ್ನು ನಮ್ಮ ನಾಯಕರು ಭಾಷಣದಲ್ಲಿ ಅರ್ಧ ಹೇಳುತ್ತಾರೆ. 1980ರ ಆಗಸ್ಟಿನಲ್ಲಿ ಗ್ದಾನ್ಸ್ಕ್‌ನ ಹಡಗು ಕಾರ್ಖಾನೆಯಲ್ಲಿ ಮುಷ್ಕರ ಕೂತವರು 21 ಬೇಡಿಕೆ ಬರೆದರು. ಅದರಲ್ಲಿ ಮೊದಲನೆಯದು ಸಂಬಳದ್ದಲ್ಲ. ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಹಿಡಿತವೂ ಇಲ್ಲದ, ಆಡಳಿತ ಮಂಡಳಿಯ ಹಿಡಿತವೂ ಇಲ್ಲದ ಯೂನಿಯನ್ ಬೇಕು ಅನ್ನುವುದು. ಅದಕ್ಕೆ ಅವರು ಹಿಡಿದ ಆಧಾರ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಡಂಬಡಿಕೆ, ಅಂದರೆ ಯೂನಿಯನ್ ಕಟ್ಟುವ ಸ್ವಾತಂತ್ರ್ಯದ್ದು. ಅದನ್ನು ಪೋಲೆಂಡ್ ಸರ್ಕಾರವೇ ಒಪ್ಪಿ ಆಗಿತ್ತು! ಇದು ಕಾರ್ಮಿಕರದ್ದೇ ರಾಜ್ಯ ಅಂತ ಹೇಳಿಕೊಳ್ಳುವ ಸರ್ಕಾರದ ಮುಂದೆ ಕಾರ್ಮಿಕರು ಹೀಗೆ ಕೇಳಬೇಕಾಯಿತು. ಸ್ವಲ್ಪ ಕಾಲದಲ್ಲೇ ಸದಸ್ಯರ ಸಂಖ್ಯೆ ಒಂದು ಕೋಟಿಯ ಹತ್ತಿರ ಬಂತು. 1981ರ ಡಿಸೆಂಬರ್ 13ಕ್ಕೆ ಸೇನಾಡಳಿತ, ಬಂಧನ, ಆಮೇಲೆ ನಿಷೇಧ. ಆದರೂ ಯೂನಿಯನ್ ಸಾಯಲಿಲ್ಲ. 1989ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು, ಜೂನಿನ ಚುನಾವಣೆಯಲ್ಲಿ ಗೆದ್ದರು, ಅವರ ಕಡೆಯವರೇ ಪ್ರಧಾನಿ ಆದರು, 1990ರ ಕೊನೆಗೆ ಯೂನಿಯನ್ನಿನ ನಾಯಕ ಲೇಖ್ ವಲೇಸಾ ದೇಶದ ಅಧ್ಯಕ್ಷರಾದರು. ಇಲ್ಲಿಗೆ ಚಪ್ಪಾಳೆ, ಭಾಷಣ ಮುಗಿಯುತ್ತದೆ.

ಉಳಿದ ಅರ್ಧ ಯಾರೂ ಹೇಳುವುದಿಲ್ಲ. 1990ರ ಜನವರಿಯಿಂದ ಆ ಹೊಸ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು, ಸಬ್ಸಿಡಿ ಕತ್ತರಿಸಿತು, ಸಂಬಳ ಏರದಂತೆ ಕಡಿವಾಣ ಹಾಕಿತು. ಜನ ಕೆಲಸ ಕಳೆದುಕೊಂಡರು. ಬೇರೆ ಸರ್ಕಾರ ಇದನ್ನೇ ಮಾಡಿದ್ದರೆ ಬೀದಿಗಿಳಿಯುತ್ತಿದ್ದ ಯೂನಿಯನ್, ಈಗ ನಮ್ಮವರು ಅಂತ ಸರ್ಕಾರಕ್ಕೆ ಕೊಡೆ ಹಿಡಿಯಿತು. ಕೊಡೆ ಅನ್ನುವ ಮಾತು ನನ್ನದಲ್ಲ, ಅಲ್ಲಿ ಹಾಗೇ ಕರೆಯುತ್ತಿದ್ದರು. ಒಂದು ಕೋಟಿ ಹತ್ತಿರ ಇದ್ದ ಸದಸ್ಯರು 20 ಲಕ್ಷದ ಆಸುಪಾಸಿಗೆ ಇಳಿದರು. 1993ರಲ್ಲಿ ಸಹನೆ ತಪ್ಪಿ ಯೂನಿಯನ್ನಿನ ಸಂಸದರೇ ಸರ್ಕಾರದ ಮೇಲೆ ಅವಿಶ್ವಾಸ ತಂದರು, ಒಂದೇ ಒಂದು ಓಟಿನಲ್ಲಿ ಸರ್ಕಾರ ಬಿತ್ತು, ಮುಂದಿನ ಚುನಾವಣೆಯಲ್ಲಿ ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿಗಳು ವಾಪಸ್ ಬಂದರು. 1997ರಲ್ಲಿ ಸಾಲಿಡಾರಿಟಿ ಹೆಸರು ಹೊತ್ತ ಮೈತ್ರಿಕೂಟ ಮತ್ತೆ ಅಧಿಕಾರ ಹಿಡಿದು, 2001ರಲ್ಲಿ ಒಂದು ಸೀಟೂ ಸಿಗದೆ ಮಣ್ಣುಮುಕ್ಕಿತು. ಜೈಲು, ನಿಷೇಧ ಎಲ್ಲ ತಡೆದುಕೊಂಡ ಸಂಘಟನೆಗೆ ಗೆಲುವನ್ನು ತಡೆದುಕೊಳ್ಳಲು ಆಗಲಿಲ್ಲ.

ದಕ್ಷಿಣ ಆಫ್ರಿಕಾದ್ದು ಇದಕ್ಕಿಂತ ಸಂಕಟದ ವಿಷಯ. 1985ರಲ್ಲಿ ಹುಟ್ಟಿದ ಕೊಸಾಟು ಅನ್ನುವ ಕಾರ್ಮಿಕ ಒಕ್ಕೂಟ ವರ್ಣಭೇದದ ಸರ್ಕಾರವನ್ನು ಕಾರ್ಖಾನೆ ಗೇಟಿನಲ್ಲೇ ನಡುಗಿಸಿತ್ತು. ಆಮೇಲೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಕಮ್ಯುನಿಸ್ಟ್ ಪಕ್ಷ, ಕೊಸಾಟು ಮೂರೂ ಸೇರಿ ಒಂದೇ ಕೂಟ, ಅಧಿಕಾರವೂ ಅವರದ್ದೇ ಆಯಿತು. ಅಂಥ ಹೋರಾಟ ಮಾಡಿದವರು ಜೊತೆಗಿರಬಾರದು ಅಂತ ನಾನು ಹೇಳುವುದಿಲ್ಲ, ನಾನಿದ್ದರೂ ಇರುತ್ತಿದ್ದೆ. ಆದರೆ 2012ರ ಆಗಸ್ಟ್ 16ರಂದು ಮಾರಿಕಾನಾದಲ್ಲಿ, ಸಂಬಳ ಹೆಚ್ಚು ಮಾಡಿ ಅಂತ ಮುಷ್ಕರ ಕೂತಿದ್ದ 34 ಗಣಿ ಕಾರ್ಮಿಕರನ್ನು ಆ ಗೆಳೆಯರ ಸರ್ಕಾರದ ಪೊಲೀಸರೇ ಗುಂಡಿಟ್ಟು ಕೊಂದರು. ಗಣಿ ಕಾರ್ಮಿಕರ ಯೂನಿಯನ್ ಕಟ್ಟಿದವರಲ್ಲಿ ಒಬ್ಬರಾಗಿ ಅದರ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದ ಸಿರಿಲ್ ರಾಮಫೋಸಾ ಅವರು ಆ ಹೊತ್ತಿಗೆ ಅದೇ ಗಣಿ ಕಂಪನಿಯ ನಿರ್ದೇಶಕರ ಮಂಡಳಿಯಲ್ಲಿದ್ದರು. ಕೊಲೆಗಳಿಗೆ ಅವರು ಹೊಣೆ ಅಂತ ವಿಚಾರಣಾ ಆಯೋಗ ಹೇಳಲಿಲ್ಲ, ಅದನ್ನೂ ಹೇಳಬೇಕು. ಆದರೆ ಆ ಕಾರ್ಮಿಕರು ಮುಷ್ಕರ ಕೂತಿದ್ದೇ ತಮ್ಮ ಅಧಿಕೃತ ಯೂನಿಯನ್ನನ್ನು, ಅಂದರೆ ಕೊಸಾಟುವಿಗೆ ಸೇರಿದ್ದ ಅದೇ ಗಣಿ ಕಾರ್ಮಿಕರ ಯೂನಿಯನ್ನನ್ನು ಬದಿಗಿಟ್ಟು. ಸಂಬಳದ ಮಾತಾಡಲು ಅವರಿಗೆ ಯೂನಿಯನ್ನಿನ ಮೇಲೇ ನಂಬಿಕೆ ಉಳಿದಿರಲಿಲ್ಲ. ಆಮೇಲೆ ಸಾವಿರಾರು ಜನ ಅದನ್ನು ಬಿಟ್ಟು ಬೇರೆ ಯೂನಿಯನ್ ಸೇರಿದರು. ಲೋಹ ಕಾರ್ಮಿಕರ ಯೂನಿಯನ್ 2013ರ ಕೊನೆಗೆ ನಾವು ಆಡಳಿತ ಪಕ್ಷಕ್ಕೆ ಪ್ರಚಾರ ಮಾಡುವುದಿಲ್ಲ ಅಂತ ತೀರ್ಮಾನಿಸಿತು, ಮರುವರ್ಷ ಕೊಸಾಟು ಅದನ್ನೇ ಹೊರಗೆ ಹಾಕಿತು. ಅದು ಒಕ್ಕೂಟದ ಅತಿ ದೊಡ್ಡ ಯೂನಿಯನ್ ಆಗಿತ್ತು.

ಈಗ, ಸಿದ್ಧಾಂತವೇ ಬೇಡ ಅನ್ನುವವರಿಗೆ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಭಾಷಣ ಕೇಳಿ ಕೇಳಿ ನನ್ನ ಕಿವಿಯೂ ತೂತಾಗಿದೆ. ಆದರೆ ಯಾರಿಗೂ ಸೇರದೆ, ಏನನ್ನೂ ನಂಬದೆ ಇದ್ದುಬಿಟ್ಟರೆ ಬಚಾವ್ ಅಂದುಕೊಂಡಿದ್ದೀರಲ್ಲ, ಅದನ್ನೂ ಒಬ್ಬರು ಮಾಡಿ ನೋಡಿದ್ದಾರೆ. 1933ರಲ್ಲಿ ಹಿಟ್ಲರ್ ಬಂದಾಗ ಜರ್ಮನಿಯ ದೊಡ್ಡ ಕಾರ್ಮಿಕ ಒಕ್ಕೂಟದ ನಾಯಕರು ತಮ್ಮ ಹಳೇ ಗೆಳೆಯ ಸೋಷಿಯಲ್ ಡೆಮಾಕ್ರಾಟ್ ಪಕ್ಷದಿಂದ ದೂರ ಸರಿದರು. ಯಾವ ಸರ್ಕಾರ ಬಂದರೂ ನಾವು ಕಾರ್ಮಿಕರ ಹಿತ ಅಷ್ಟೇ ನೋಡಿಕೊಳ್ಳುವವರು ಅಂತ ಹೇಳಿಕೊಂಡರು. ಸರ್ಕಾರ ಏರ್ಪಡಿಸಿದ ಮೇ 1ರ ಮೆರವಣಿಗೆಗೆ ಸದಸ್ಯರು ಹೋಗಬೇಕು ಅಂತ ಕರೆಯನ್ನೂ ಕೊಟ್ಟರು. ಸದಸ್ಯರು ಹೋದರು. ಮರುದಿನ, ಮೇ 2ರ ಬೆಳಿಗ್ಗೆ, ದೇಶದ ತುಂಬ ಯೂನಿಯನ್ ಆಫೀಸುಗಳಿಗೆ ನಾಜಿ ಪಡೆ ನುಗ್ಗಿತು. ಹಣ ಜಪ್ತಿ, ನಾಯಕರ ಬಂಧನ. ಒಂದೇ ದಿನದ ಅಂತರ!

ಹೆದರಿಕೊಂಡು ತೆಪ್ಪಗಿರುವುದು ಒಂದು, ಸ್ವತಂತ್ರವಾಗಿರುವುದು ಇನ್ನೊಂದು. ಫ್ರಾನ್ಸಿನ ಕಾರ್ಮಿಕ ಒಕ್ಕೂಟ 1906ರಲ್ಲಿ ಅಮಿಯೆಂ ಊರಿನ ಸಮಾವೇಶದಲ್ಲಿ ಒಂದು ನಿರ್ಣಯ ಮಾಡಿತು. ಯೂನಿಯನ್ ಆಗಿ ನಾವು ಯಾವ ಪಕ್ಷಕ್ಕೂ ಸೇರಿಲ್ಲ, ಹೊರಗೆ ಸದಸ್ಯರು ತಮಗೆ ಬೇಕಾದ ಪಕ್ಷದಲ್ಲಿ ಕೆಲಸ ಮಾಡಲಿ, ಆ ಜಗಳವನ್ನು ಒಳಗೆ ತರುವುದು ಬೇಡ ಅಂತ. ಇದನ್ನು ಓದಿ ಕೆಲವರು, ನೋಡಿ ಅವರೂ ರಾಜಕೀಯ ಬೇಡ ಅಂದಿದ್ದರು ಅನ್ನುತ್ತಾರೆ. ಪೂರ್ತಿ ಓದಿಲ್ಲ ಅಷ್ಟೇ. ಕೂಲಿಗಾಗಿ ದುಡಿಯುವ ವ್ಯವಸ್ಥೆಯೇ ಹೋಗಬೇಕು ಅನ್ನುವುದೂ ಅದೇ ನಿರ್ಣಯದಲ್ಲಿದೆ. ಅದಕ್ಕಿಂತ ದೊಡ್ಡ ಸಿದ್ಧಾಂತ ಬೇಕಾ? ಪಕ್ಷ ಇರಲಿಲ್ಲ, ನಂಬಿಕೆ ಇತ್ತು.

ಇನ್ನು ಬರೀ ಸಂಬಳ ನೋಡಿಕೊಳ್ಳೋಣ ಅಂದಿರಲ್ಲ, ಯಾರ ಸಂಬಳ? ಕಾಯಂ ನೌಕರರದ್ದು ಮಾತ್ರವಾ, ಗುತ್ತಿಗೆಯವರದ್ದೂ ಸೇರಿ? ಆರ್ಡರ್ ಕಡಿಮೆಯಾದಾಗ ನೂರು ಜನರನ್ನು ಮನೆಗೆ ಕಳಿಸುವುದಾ, ಎಲ್ಲರ ಓವರ್‌ಟೈಮ್ ನಿಲ್ಲಿಸಿ ಆ ನೂರು ಜನರನ್ನು ಉಳಿಸಿಕೊಳ್ಳುವುದಾ? ಹೊಸ ಮೆಷಿನ್ ಬಂದಾಗ ಮೊದಲು ಹೆಂಗಸರನ್ನೇ ಯಾಕೆ ತೆಗೆಯುತ್ತಾರೆ ಅಂತ ಕೇಳುವುದಾ, ಬಿಡುವುದಾ? ಇದಕ್ಕೆ ನೀವು ಏನೇ ಉತ್ತರ ಕೊಟ್ಟರೂ ಅದೇ ನಿಮ್ಮ ಸಿದ್ಧಾಂತ. ಬಾಯಿಬಿಟ್ಟು ಹೇಳದಿದ್ದರೆ ಅದು ಇಲ್ಲ ಅಂತಲ್ಲ. ಸುಮ್ನೆ ಇದ್ದವರ ಪರವಾಗಿ ಆಡಳಿತ ಮಂಡಳಿಯೇ ತೀರ್ಮಾನ ಮಾಡಿಬಿಡುತ್ತದೆ.

ಎಡಪಕ್ಷದ ಗೆಳೆಯರಿಗೂ ಒಂದು ಮಾತು, ಬೇಜಾರಾಗಬೇಡಿ. ಕ್ರಾಂತಿ ಆದ ಮೇಲೆ ಸ್ವತಂತ್ರ ಯೂನಿಯನ್ ಯಾಕೆ ಅನ್ನುವ ಪ್ರಶ್ನೆ ರಷ್ಯಾದಲ್ಲಿ 1920-21ರಲ್ಲೇ ಎದ್ದಿತ್ತು. ಯೂನಿಯನ್ನುಗಳನ್ನು ಸರ್ಕಾರದ ಯಂತ್ರಕ್ಕೇ ಜೋಡಿಸಿಬಿಡೋಣ ಅಂತ ಕ್ರಾಂತಿಯ ನಾಯಕರಲ್ಲಿ ಒಬ್ಬರಾದ ಟ್ರಾಟ್‌ಸ್ಕಿ ವಾದ. ಕಾರ್ಮಿಕರಿಗೆ ತಮ್ಮದೇ ಸರ್ಕಾರದಿಂದಲೂ ರಕ್ಷಣೆ ಬೇಕಾಗುತ್ತದೆ ಅಂತ ಲೆನಿನ್ ವಾದ. ವಾದದಲ್ಲಿ ಲೆನಿನ್ ಗೆದ್ದರು. ಕೊನೆಗೆ ಯೂನಿಯನ್ನುಗಳು ಸರ್ಕಾರದ ಯಂತ್ರಕ್ಕೇ ಸೇರಿಹೋದವು.

ನಮ್ಮ ದೇಶದ ಕಥೆ ಉದ್ದ ಹೇಳುವುದಿಲ್ಲ, ಬಾವುಟಗಳ ಬಣ್ಣ ನೋಡಿದರೆ ಗೊತ್ತಾಗುತ್ತದೆ. 1920ರಲ್ಲಿ ಲಾಲಾ ಲಜಪತ ರಾಯ್ ಅಧ್ಯಕ್ಷತೆಯಲ್ಲಿ ಎಐಟಿಯುಸಿ ಅನ್ನುವ ಕಾರ್ಮಿಕ ಒಕ್ಕೂಟ ಒಂದಾಗಿ ಶುರುವಾಯಿತು. 1947ರಲ್ಲಿ ಕಾಂಗ್ರೆಸ್ಸಿನವರ ಇಂಟಕ್, 1948ರಲ್ಲಿ ಸಮಾಜವಾದಿಗಳ ಎಚ್‌ಎಂಎಸ್, 1955ರಲ್ಲಿ ಸಂಘ ಪರಿವಾರದವರ ಬಿಎಂಎಸ್, 1970ರಲ್ಲಿ ಸಿಪಿಎಂನವರ ಸಿಐಟಿಯು. ಪಕ್ಷ ಒಡೆದಾಗೆಲ್ಲ ಅಥವಾ ಅಧಿಕಾರ ಕೈ ಬದಲಾದಾಗೆಲ್ಲ ಕಾರ್ಮಿಕರನ್ನು ಕೇಳದೆಯೇ ಕಾರ್ಮಿಕರು ಒಡೆದರು. 1982ರ ಬಾಂಬೆ ಜವಳಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಹೋದರು. ಯಾಕೆ ಹೋದರು ಅಂದರೆ, ಕಾನೂನು ಪ್ರಕಾರ ಅವರ ಪರವಾಗಿ ಮಾತಾಡಬೇಕಿದ್ದ ಮಾನ್ಯತೆ ಪಡೆದ ಯೂನಿಯನ್ ಇಂಟಕ್‌ನದು, ಸರ್ಕಾರ ಕಾಂಗ್ರೆಸ್ಸಿನದು. ಕಾರ್ಮಿಕರಿಗೆ ಅದು ತಮ್ಮ ಯೂನಿಯನ್ ಅಂತ ಅನ್ನಿಸುತ್ತಿರಲಿಲ್ಲ. ಮುಷ್ಕರ ಸೋತಿತು. ಮಾನ್ಯತೆ ಮಾತ್ರ ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಉಳಿಯಿತು.

ಹಾಗಂತ ಪಕ್ಷವೇ ಬೇಡವಾ? ಇಲ್ಲಿ ನಾನು ಸ್ವಲ್ಪ ತಡವರಿಸುತ್ತೇನೆ. ಬ್ರಿಟನ್ನಿನಲ್ಲಿ 1901ರ ಟಾಫ್ ವೇಲ್ ತೀರ್ಪು, ಮುಷ್ಕರದಿಂದ ಆದ ನಷ್ಟವನ್ನು ಯೂನಿಯನ್ನೇ ಕಂಪನಿಗೆ ಕಟ್ಟಿಕೊಡಬೇಕು ಅಂದುಬಿಟ್ಟಿತು. ಯೂನಿಯನ್ನುಗಳು ಸಂಸತ್ತಿಗೆ ತಮ್ಮವರನ್ನು ಕಳಿಸದೇ ಇದ್ದಿದ್ದರೆ ಆ ತೀರ್ಪನ್ನು ತಳ್ಳಿಹಾಕಿದ 1906ರ ಕಾನೂನು ಬರುತ್ತಿತ್ತಾ? ಗೇಟಿನಲ್ಲಿ ಗೆದ್ದದ್ದು ಕಾನೂನಿನ ಪುಸ್ತಕಕ್ಕೆ ಹತ್ತದಿದ್ದರೆ ಮುಂದಿನ ಮ್ಯಾನೇಜರ್ ಬಂದ ದಿನ ಹೋಗುತ್ತದೆ. ಆದ್ದರಿಂದ ಪಕ್ಷಗಳ ಜೊತೆ ಮಾತು ಬೇಕು, ಒಪ್ಪಂದ ಬೇಕು, ಕೆಲವೊಮ್ಮೆ ಬೆಂಬಲವೂ ಬೇಕು. ಟುನೀಷಿಯಾದ ಯುಜಿಟಿಟಿ ಅನ್ನುವ ಕಾರ್ಮಿಕ ಒಕ್ಕೂಟವನ್ನೇ ನೋಡಿ. ಸ್ವಾತಂತ್ರ್ಯ ಹೋರಾಟದಲ್ಲಿ ಇತ್ತು, ಆಮೇಲೆ ಸರ್ಕಾರದ ಜೊತೆ ರಾಜಿಯನ್ನೂ ಮಾಡಿಕೊಂಡಿತ್ತು, ಮೇಲಿನವರು ಸರ್ವಾಧಿಕಾರಿ ಬೆನ್ ಅಲಿ ಕಾಲದಲ್ಲಿ ತಲೆ ತಗ್ಗಿಸಿದ್ದರು. ಆದರೆ ಊರೂರಿನ ಶಾಖೆಗಳು ಪೂರ್ತಿ ಸತ್ತಿರಲಿಲ್ಲ. 2010ರ ಡಿಸೆಂಬರಿನಲ್ಲಿ ಜನ ಎದ್ದಾಗ ಜಾಗ ಕೊಟ್ಟಿದ್ದು ಆ ಶಾಖೆಗಳ ಆಫೀಸುಗಳೇ. 2013ರಲ್ಲಿ ದೇಶ ಒಡೆಯುವ ಹಾಗಾದಾಗ ಇನ್ನು ಮೂರು ಸಂಸ್ಥೆಗಳ ಜೊತೆ ಕೂತು ಪಕ್ಷಗಳನ್ನು ಮಾತುಕತೆಗೆ ಕೂರಿಸಿತು, 2015ರಲ್ಲಿ ಆ ನಾಲ್ಕು ಸಂಸ್ಥೆಗಳ ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಯಾವುದೋ ಒಂದು ಪಕ್ಷದ ಬಾಲ ಆಗಿದ್ದರೆ ಎರಡೂ ಕಡೆಯವರು ಆ ಮೇಜಿಗೆ ಬರುತ್ತಿದ್ದರಾ?

ಈ ವಿಷಯಕ್ಕೆ 1952ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನ ಒಂದು ನಿರ್ಣಯ ಮಾಡಿದೆ. ಯೂನಿಯನ್ನುಗಳು ಪಕ್ಷದ ಜೊತೆ ಸಂಬಂಧ ಇಟ್ಟುಕೊಳ್ಳಬಹುದು, ಆದರೆ ದೇಶದಲ್ಲಿ ರಾಜಕೀಯ ಹೇಗೇ ಬದಲಾದರೂ ಯೂನಿಯನ್ ಮುಂದುವರಿಯುವುದಕ್ಕೆ ಆ ಸಂಬಂಧದಿಂದ ಧಕ್ಕೆ ಬರಬಾರದು, ಸರ್ಕಾರಗಳೂ ಯೂನಿಯನ್ನನ್ನು ತಮ್ಮ ರಾಜಕೀಯದ ಆಯುಧ ಮಾಡಿಕೊಳ್ಳಬಾರದು ಅನ್ನುವುದು ಅದರ ಸಾರ. ಇದನ್ನು ನಮ್ಮ ಆಫೀಸಿನಲ್ಲಿ ಪ್ರಿಂಟ್ ಹಾಕಿ ಅಂಟಿಸಬಹುದಿತ್ತು. ಫೋಟೋ ಫ್ರೇಮಿಗಿಂತ ಖರ್ಚೂ ಕಡಿಮೆ.

ಬೈದದ್ದು ಸಾಕು, ಕೇಳುವುದಕ್ಕೆ ಬರುತ್ತೇನೆ. ಮೊದಲು ದುಡ್ಡು. ಬ್ರಿಟನ್ನಿನಲ್ಲಿ ಒಬ್ಬ ರೈಲ್ವೆ ನೌಕರ, ನನ್ನ ಚಂದಾ ನನಗೆ ಬೇಡದ ಪಕ್ಷಕ್ಕೆ ಯಾಕೆ ಹೋಗಬೇಕು ಅಂತ ಕೋರ್ಟಿಗೆ ಹೋಗಿ 1909ರಲ್ಲಿ ಗೆದ್ದ. ಅದರಿಂದ ಯೂನಿಯನ್ನುಗಳಿಗೆ ದೊಡ್ಡ ಪೆಟ್ಟು ಬಿತ್ತು, ನಿಜ. ಆದರೆ 1913ರ ಕಾನೂನಿನಲ್ಲಿ ಒಂದು ಒಳ್ಳೆಯ ದಾರಿ ಸಿಕ್ಕಿತು: ರಾಜಕೀಯಕ್ಕೆ ಬೇರೆಯೇ ನಿಧಿ, ಬೇಡದವರು ಕೊಡದೇ ಇರಬಹುದು. ಭಾರತದ 1926ರ ಕಾಯ್ದೆಯೂ ಇದನ್ನೇ ಹೇಳಿತ್ತು: ರಾಜಕೀಯ ನಿಧಿ ಬೇರೆ ಇರಬೇಕು, ಅದಕ್ಕೆ ಕೊಡು ಅಂತ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ. ಹಾಗಿದ್ದರೆ ಹೋದ ಚುನಾವಣೆಯಲ್ಲಿ ನಮ್ಮ ಯೂನಿಯನ್ ಜೀಪು, ಡೀಸೆಲ್, ಫ್ಲೆಕ್ಸ್ ಯಾವ ನಿಧಿಯಿಂದ ಓಡಿದವು? ಖಜಾಂಚಿಗಳು ಬೇಸರ ಮಾಡಿಕೊಳ್ಳಬಾರದು, ಲೆಕ್ಕ ತೋರಿಸಬೇಕು. 14 ವರ್ಷ ಆ ಹಣ ಎತ್ತಿದವನು ನಾನು, ಕೇಳುವ ಹಕ್ಕು ಇದೆ.

ಎರಡನೆಯದು ಕುರ್ಚಿ. ಪಕ್ಷದಲ್ಲಿ ಹುದ್ದೆ, ನಿಗಮ ಮಂಡಳಿ, ಟಿಕೆಟ್, ಏನು ಸಿಕ್ಕರೂ ನನಗೆ ಸಂತೋಷವೇ, ಹಾರ ನಾನೇ ತರುತ್ತೇನೆ. ಆದರೆ ಅವತ್ತೇ ಯೂನಿಯನ್ ಹುದ್ದೆಗೆ ರಾಜೀನಾಮೆ ಕೊಡಬೇಕು. ಇಟಲಿಯ ದೊಡ್ಡ ಒಕ್ಕೂಟಗಳು 1969ರ ಹೊತ್ತಿಗೆ ಈ ನಿಯಮ ಮಾಡಿಕೊಂಡವು. ಅವು ಹುಟ್ಟಿನಿಂದಲೇ ಪಕ್ಷಗಳ ಜೊತೆ ಬೆಳೆದವು, ನಮಗಿಂತ ಜಾಸ್ತಿ ಕಷ್ಟ ಇತ್ತು. ಎರಡೂ ಕಡೆ ಕೂತವರು ಮಾತುಕತೆಯ ಮೇಜಿನ ಯಾವ ಬದಿಗೆ ಕೂರುತ್ತಾರೆ ಅಂತ ನಮಗೆ ಗೊತ್ತಾಗಬೇಕಲ್ಲ.

ಬೇರೆ ಒಕ್ಕೂಟಕ್ಕೆ ಸೇರುವ ವಿಷಯ ಸಮಿತಿಯ ಹನ್ನೊಂದು ಜನರದ್ದಲ್ಲ. ಗುಪ್ತ ಮತದಾನ ಆಗಲಿ, ಗುತ್ತಿಗೆಯ ಸದಸ್ಯರೂ ಓಟು ಹಾಕಲಿ. ಸೇರಬೇಕು ಅಂತ ಜಾಸ್ತಿ ಜನ ಹೇಳಿದರೆ ನಾನು ಬಾಯಿ ಮುಚ್ಚಿಕೊಂಡು ಹೊಸ ರಸೀದಿ ಪುಸ್ತಕದಲ್ಲೇ ಚಂದಾ ಎತ್ತುತ್ತೇನೆ. ಮತ್ತೆ ಬೇಡಿಕೆ ಪಟ್ಟಿ ಮೊದಲು ಹೇಳಿದ ತಾರೀಖಿಗೇ ಹೋಗಬೇಕು, ಒಂದು ದಿನವೂ ತಡವಾಗಬಾರದು. ಹೊಸ ಸರ್ಕಾರ ನಿಜವಾಗಿಯೂ ಕಾರ್ಮಿಕರ ಪರ ಇದ್ದರೆ ಅದಕ್ಕೆ ಇದರಿಂದ ಖುಷಿಯೇ ಆಗುತ್ತದೆ.

ತಪ್ಪೆಲ್ಲ ನಿಮ್ಮದೇ ಅಂತಲೂ ನಾನು ಹೇಳುವುದಿಲ್ಲ. ಮಗನ ಸೀಟಿಗೆ, ವರ್ಗಾವಣೆಗೆ, ಸಾಲದ ಶಿಫಾರಸಿಗೆ ನಾವೇ ನಿಮ್ಮ ಹತ್ತಿರ ಬರುತ್ತೇವೆ. ಮಂತ್ರಿಯ ಬಾಗಿಲು ತಟ್ಟಬಲ್ಲ ನಾಯಕನೇ ನಾಯಕ ಅಂತ ಓಟು ಹಾಕುತ್ತೇವೆ. ನಾನೂ ಒಂದು ಸಲ ಹಾಗೆ ಬಂದಿದ್ದೆ, ಕೆಲಸ ಆಯಿತು. ಆಮೇಲೆ ಎರಡು ವರ್ಷ ಸಭೆಯಲ್ಲಿ ನಿಮ್ಮ ಎದುರು ಎದ್ದು ಮಾತಾಡಲು ನನಗೆ ಬಾಯಿ ಬರಲಿಲ್ಲ. ಸರ್ಕಾರದ ಮುಂದೆ ನಿಮಗೂ ಹೀಗೇ ಆಗುತ್ತಿರಬಹುದು ಅಂತ ಇದನ್ನು ಬರೆಯುವಾಗ ಅನ್ನಿಸಿತು.

ಸರ್ವಸದಸ್ಯರ ಸಭೆ ಕರೆಯಿರಿ ಅಂತ ಸಹಿ ಸಂಗ್ರಹ ಶುರು ಮಾಡಿದ್ದೇವೆ. ಬೈಲಾದಲ್ಲಿ ಹೇಳಿದಷ್ಟು ಸಹಿ ಈ ವಾರ ಆಗುತ್ತದೆ, ತಂದು ಕಾರ್ಯದರ್ಶಿಗಳ ಕೈಗೇ ಕೊಡುತ್ತೇನೆ, ಪ್ರತಿಗೆ ಸೀಲ್ ಹಾಕಿ ಕೊಡಬೇಕು. ಒಂದೇ ವಿನಂತಿ. ಸಭೆಯನ್ನು ಎರಡನೇ ಪಾಳಿ ನಡೆಯುವ ಹೊತ್ತಿನಲ್ಲಿ ಇಡಬೇಡಿ. ಹೋದ ಸಲ ಹಾಗೆ ಇಟ್ಟಿರಿ, ಅರ್ಧ ಜನ ಮೆಷಿನ್ ಮುಂದೆ ನಿಂತಿರುವಾಗ ಒಳಗೆ "ಸರ್ವಾನುಮತದಿಂದ" ಅಂತ ಬರೆದುಕೊಂಡಿರಿ. ರಜೆಯ ದಿನ ಇಡಿ, ಕುರ್ಚಿ ಸಾಲದಿದ್ದರೆ ನಿಂತುಕೊಂಡೇ ಮಾತಾಡುತ್ತೇವೆ.

ಇಂತಿ,
ರಸೀದಿ ಪುಸ್ತಕ ಹಿಡಿಯುತ್ತಿದ್ದ ಒಬ್ಬ ಸದಸ್ಯ